ಫ್ಲಾರೆನ್ಸಿನ ಕಂಚಿನ ಬಾಗಿಲುಗಳ ಮುಂದೆ ನಿಂತು ನೋಡುವ ಬಗೆ

ಫ್ಲಾರೆನ್ಸಿಗೆ ಹೊರಟವರು ನನ್ನನ್ನು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ. ಮೈಕೆಲೆಂಜೆಲೊನ ಡೇವಿಡ್ ನೋಡಲು ಟಿಕೆಟ್ ಮೊದಲೇ ಮಾಡಿಸಬೇಕಾ? ಕ್ಯಾಥೆಡ್ರಲ್‌ನ ಗುಮ್ಮಟ ಹತ್ತಲು ಮಂಡಿ ಗಟ್ಟಿಯಿರಬೇಕಾ? ಎರಡಕ್ಕೂ ಹೌದು. ಆದರೆ ಆ ಗುಮ್ಮಟದ ಸಾಲಿಗೆ ನಿಲ್ಲಲು ಹೋಗುವ ದಾರಿಯಲ್ಲೇ, ಎಂಟು ಮೂಲೆಯ ಒಂದು ಕಟ್ಟಡದ ಬಾಗಿಲ ಮುಂದೆ, ಜನ ಒಂದು ನಿಮಿಷ ನಿಂತು ಫೋಟೋ ಹೊಡೆದು ಮುಂದೆ ಹೋಗುತ್ತಾರೆ. ಅಲ್ಲಿ ಇನ್ನಷ್ಟು ಹೊತ್ತು ಹೇಗೆ ನಿಲ್ಲಬೇಕು, ನಿಂತರೆ ಏನು ನೋಡಬೇಕು ಎಂದು ಬರೆಯುವ ಆಸೆ ಬಹಳ ದಿನಗಳಿಂದ ಇತ್ತು.

ನಾನು ಇರುವುದು ಬೊಲೋನ್ಯಾದಲ್ಲಿ. ಅಲ್ಲಿಂದ ಫ್ಲಾರೆನ್ಸಿಗೆ ವೇಗದ ರೈಲಿನಲ್ಲಿ ಮುಕ್ಕಾಲು ಗಂಟೆಯೂ ಬೇಡ. ಹಾಗಾಗಿ ಊರಿಂದ ಯಾರೇ ಬರಲಿ, ಅವರನ್ನು ಫ್ಲಾರೆನ್ಸ್ ಸುತ್ತಿಸುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಬಂದವರಿಗೆಲ್ಲ ನಾನು ಹೇಳುವ ಮಾತು ಇಷ್ಟೇ: ಆ ಕಟ್ಟಡದ ಮೂರು ಕಂಚಿನ ಬಾಗಿಲನ್ನೂ ಹತ್ತು ನಿಮಿಷದಲ್ಲಿ ಮುಗಿಸಬೇಡಿ, ಒಂದೇ ಒಂದು ಫಲಕವನ್ನು ಇಪ್ಪತ್ತು ನಿಮಿಷ ನೋಡಿ. ಉಬ್ಬುಶಿಲ್ಪವನ್ನು ಎಡದಿಂದ ಬಲಕ್ಕೆ ಓದುವುದಕ್ಕಿಂತ ಮುಂದಿನಿಂದ ಹಿಂದಕ್ಕೆ ಓದಬೇಕು. ಅದೊಂದು ಅಭ್ಯಾಸವಾದರೆ ಉಳಿದ ಫಲಕಗಳು ತಾವೇ ತೆರೆದುಕೊಳ್ಳುತ್ತವೆ.

ಮೊದಲು ಜಾಗದ ಪರಿಚಯ. ಸಾಂತಾ ಮರಿಯಾ ನೊವೆಲ್ಲಾ ರೈಲು ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಕ್ಯಾಥೆಡ್ರಲ್ ಚೌಕ. ಕ್ಯಾಥೆಡ್ರಲ್ ಮುಂದೆ ಬಿಳಿ, ಹಸಿರು ಅಮೃತಶಿಲೆಯ ಎಂಟು ಮೂಲೆಯ ಕಟ್ಟಡವೇ ಸಂತ ಜಾನ್ ಬ್ಯಾಪ್ಟಿಸ್ಟರಿ. ಮಕ್ಕಳಿಗೆ ಕ್ರೈಸ್ತ ದೀಕ್ಷಾಸ್ನಾನ ಮಾಡಿಸುತ್ತಿದ್ದ ಜಾಗ. ಪಶ್ಚಿಮಕ್ಕೆ ಬಲಿಪೀಠದ ಗೂಡು ಇರುವುದರಿಂದ ಆ ಕಡೆ ಬಾಗಿಲಿಲ್ಲ. ಉಳಿದ ಮೂರು ದಿಕ್ಕಿಗೆ ಮೂರು ಜೋಡಿ ಕಂಚಿನ ಕದಗಳು. ದಕ್ಷಿಣದ್ದು ಆಂದ್ರೆಯಾ ಪಿಸಾನೊ 1330ರಿಂದ 1336ರ ನಡುವೆ ಮಾಡಿದ್ದು. ಉತ್ತರದ್ದು ಲೊರೆಂಜೊ ಗಿಬೆರ್ಟಿ 1403ರಿಂದ 1424ರವರೆಗೆ ಮಾಡಿದ್ದು. ಕ್ಯಾಥೆಡ್ರಲ್‌ಗೆ ಮುಖ ಮಾಡಿರುವ ಪೂರ್ವದ ಬಾಗಿಲೂ ಗಿಬೆರ್ಟಿಯದೇ. 1425ರಲ್ಲಿ ಒಪ್ಪಂದವಾಗಿ 1452ರಲ್ಲಿ ಅದು ದಾರವಂದಕ್ಕೆ ಕೂತಿತು. ‘ಸ್ವರ್ಗದ ಬಾಗಿಲು’ ಎಂದು ಜಗತ್ತು ಕರೆಯುವುದು ಈ ಕೊನೆಯದನ್ನು. ಆ ಹೆಸರು ಮೈಕೆಲೆಂಜೆಲೊನ ಬಾಯಿಂದ ಬಂದದ್ದು ಎಂದು ಕಲಾವಿದರ ಚರಿತ್ರೆ ಬರೆದ ವಸಾರಿ ಹೇಳುತ್ತಾನೆ.

ಈ ಮೂರನ್ನೂ ಮಾಡಿಸಿದ್ದು ರಾಜನೂ ಅಲ್ಲ, ಪೋಪನೂ ಅಲ್ಲ. ಆರ್ತೆ ದಿ ಕಾಲಿಮಾಲಾ ಎಂಬ ಬಟ್ಟೆ ವ್ಯಾಪಾರಿಗಳ ಸಂಘಕ್ಕೆ ಬ್ಯಾಪ್ಟಿಸ್ಟರಿಯ ಉಸ್ತುವಾರಿ ಇತ್ತು, ಹಣವೂ ಅವರದೇ. ನನಗೆ ಈ ಸಂಗತಿ ಬಹಳ ಇಷ್ಟ. ಉಣ್ಣೆಬಟ್ಟೆ ಕೊಂಡು ಮಾರಿ ಲೆಕ್ಕ ಬರೆಯುವ ಜನ ಒಬ್ಬ ಶಿಲ್ಪಿಗೆ ಇಪ್ಪತ್ತೇಳು ವರ್ಷ ಕಾಲಾವಕಾಶ ಕೊಟ್ಟು ಕಾದರು.

ಹೊರಗೆ ನೋಡಬೇಕಾದದ್ದು, ಒಳಗೆ ನೋಡಬೇಕಾದದ್ದು

ಒಂದು ವಿಷಯ ಮೊದಲೇ ತಿಳಿದಿರಲಿ. ಚೌಕದಲ್ಲಿ ಕಾಣುವ ಪೂರ್ವದ ಬಾಗಿಲು ಪ್ರತಿಕೃತಿ. ಅಸಲು ಬಾಗಿಲನ್ನು 1990ರಲ್ಲಿ ಅಲ್ಲಿಂದ ತೆಗೆದರು. ಮೂರು ಬಾಗಿಲುಗಳ ಅಸಲೂ ಈಗ ಕ್ಯಾಥೆಡ್ರಲ್ ಹಿಂಬದಿಯ ಮ್ಯೂಸಿಯೊ ದೆಲ್ ಓಪೆರಾ ದೆಲ್ ದುವೊಮೊ ಎಂಬ ಸಂಗ್ರಹಾಲಯದಲ್ಲಿವೆ. ಇದು ಗೊತ್ತಾದ ಕೂಡಲೇ ಕೆಲವರ ಮುಖ ಸಣ್ಣಗಾಗುತ್ತದೆ. ಪ್ರತಿಕೃತಿಯ ಮುಂದೆ ಯಾಕೆ ನಿಲ್ಲಬೇಕು ಎನ್ನುತ್ತಾರೆ. ನಾನು ಎರಡನ್ನೂ ನೋಡಿ ಎನ್ನುತ್ತೇನೆ, ಅದೂ ಹೊರಗಿನದನ್ನು ಮೊದಲು. ಬಾಗಿಲು ಕಟ್ಟಡದಲ್ಲಿ ಎಲ್ಲಿ ಕೂರುತ್ತದೆ, ಎರಡು ಪಕ್ಕ ನಿಂತ ಪೊರ್ಫಿರಿ ಎಂಬ ಕೆಂಪು ಕಲ್ಲಿನ ಕಂಬಗಳ ನಡುವೆ ಹೇಗೆ ಕಾಣುತ್ತದೆ, ಎದುರಿನ ಕ್ಯಾಥೆಡ್ರಲ್ ಬಾಗಿಲಿಗೂ ಇದಕ್ಕೂ ಎಷ್ಟು ಹತ್ತಿರ ಎನ್ನುವುದು ಹೊರಗೆ ಮಾತ್ರ ತಿಳಿಯುತ್ತದೆ. ಬೆಳಗಿನ ಮೆರವಣಿಗೆಯೊಂದು ಇದರ ಮೂಲಕ ಹೊರಬಂದು ಎದುರಿನ ಬಾಗಿಲು ಹೊಕ್ಕುವುದನ್ನು ಕಲ್ಪಿಸಿಕೊಳ್ಳಲು ಚೌಕದಲ್ಲೇ ನಿಲ್ಲಬೇಕು.

ಬೆಳಿಗ್ಗೆ ಎಂಟಕ್ಕೆ ಮೊದಲು ಹೋಗಿ. ಒಂಬತ್ತರ ನಂತರ ಗೈಡ್‌ಗಳ ಕೊಡೆ, ಬಾವುಟಗಳ ಹಿಂದೆ ಬರುವ ಗುಂಪುಗಳು ಬಾಗಿಲ ಮುಂದಿನ ಕಬ್ಬಿಣದ ಕಟಕಟೆಯನ್ನು ಮುತ್ತಿಕೊಳ್ಳುತ್ತವೆ. ಚಿಕ್ಕದೊಂದು ಬೈನಾಕ್ಯುಲರ್ ಜೇಬಿನಲ್ಲಿರಲಿ. ಬಾಗಿಲು ಐದು ಮೀಟರಿಗಿಂತ ಎತ್ತರ, ಮೂರು ಮೀಟರಿಗಿಂತ ಅಗಲ. ಮೇಲಿನ ಸಾಲಿನ ಫಲಕಗಳು ಬರಿಗಣ್ಣಿಗೆ ಹೊಳಪಾಗಿ ಮಾತ್ರ ಕಾಣುತ್ತವೆ. ಕುತ್ತಿಗೆ ಎತ್ತಿ ಎತ್ತಿ ನೋವು ಬರಿಸಿಕೊಳ್ಳುವ ಬದಲು ನಾಲ್ಕು ಹೆಜ್ಜೆ ಹಿಂದೆ ಸರಿದು ಬೈನಾಕ್ಯುಲರ್‌ನಲ್ಲಿ ನೋಡಿ.

ಆಮೇಲೆ ಸಂಗ್ರಹಾಲಯ. ಕ್ಯಾಥೆಡ್ರಲ್ ಸಮುಚ್ಚಯಕ್ಕೆ ಮೂರು ಬಗೆಯ ಪಾಸ್ ಇವೆ, ಮೂರು ದಿನ ನಡೆಯುತ್ತವೆ. ಗುಮ್ಮಟ ಹತ್ತುವ ಆಸೆ ಇಲ್ಲದವರಿಗೆ ಗಿಬೆರ್ಟಿ ಪಾಸ್ ಸಾಕು. ಸಂಗ್ರಹಾಲಯ, ಬ್ಯಾಪ್ಟಿಸ್ಟರಿಯ ಒಳಭಾಗ, ಕ್ಯಾಥೆಡ್ರಲ್ ಕೆಳಗಿನ ಸಾಂತಾ ರೆಪರಾತಾ ಎಂಬ ಹಳೆಯ ಚರ್ಚಿನ ಅವಶೇಷ ಮೂರೂ ಅದರಲ್ಲಿ ಸೇರಿವೆ. ದೊಡ್ಡ ಬ್ಯಾಗು ತರಬೇಡಿ. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ, ಕ್ಯಾಥೆಡ್ರಲ್ ಒಳಗೆ ಬಿಡಲು ಅದು ಬೇಕೇ ಬೇಕು.

ಬಾಗಿಲುಗಳು ಇರುವ ಸಭಾಂಗಣ ನಿಜಕ್ಕೂ ದೊಡ್ಡದು. ಒಂದು ಗೋಡೆಗೆ, 1587ರಲ್ಲಿ ಕೆಡವಿದ ಕ್ಯಾಥೆಡ್ರಲ್‌ನ ಹಳೆಯ ಮುಂಭಾಗವನ್ನು ಮತ್ತೆ ಕಟ್ಟಿ ಅದರ ಮೂರ್ತಿಗಳನ್ನು ಕೂರಿಸಿದ್ದಾರೆ. ಎದುರಿಗೆ ಕಂಚಿನ ಬಾಗಿಲುಗಳು. ಚೌಕದಲ್ಲಿ ಅವು ಹೇಗೆ ಎದುರುಬದುರಾಗಿದ್ದವೋ ಹಾಗೆಯೇ. ಇಲ್ಲಿ ನೂಕುನುಗ್ಗಲು ಕಡಿಮೆ. ಎಷ್ಟು ಹೊತ್ತು ನಿಂತರೂ ಯಾರೂ ಜಾಗ ಬಿಡಿಸುವುದಿಲ್ಲ.

ಕಣ್ಣಿಗೆ ಅಭ್ಯಾಸ

ನೇರವಾಗಿ ಚಿನ್ನದ ಬಾಗಿಲಿಗೆ ಓಡಬೇಡಿ. ಮೊದಲು ಪಿಸಾನೊನ ಬಾಗಿಲು. ಇಪ್ಪತ್ತೆಂಟು ಫಲಕ, ಪ್ರತಿಯೊಂದಕ್ಕೂ ನಾಲ್ಕೆಸಳಿನ ಹೂವಿನಾಕಾರದ ಚೌಕಟ್ಟು. ಇಪ್ಪತ್ತರಲ್ಲಿ ಸಂತ ಜಾನನ ಜೀವನ, ಕೆಳಗಿನ ಎಂಟರಲ್ಲಿ ಸದ್ಗುಣಗಳ ಮೂರ್ತಿಗಳು. ಒಂದೊಂದು ಫಲಕದಲ್ಲಿ ನಾಲ್ಕೈದು ಜನ, ಹಿಂದೆ ಬರಿಯ ಕಂಚು. ಆಕೃತಿಗಳಿಗೆ ಮಾತ್ರ ಚಿನ್ನ ಹಾಕಿದ್ದಾನೆ. ವೇದಿಕೆಯ ಅಂಚಿನಲ್ಲಿ ಕಲಾವಿದರು ನಿಂತು ಹಿಂದೆ ಕಪ್ಪು ಪರದೆ ಬಿಟ್ಟಹಾಗೆ. ಇದನ್ನು ಎರಕ ಹೊಯ್ಯಲು ಫ್ಲಾರೆನ್ಸಿನಲ್ಲಿ ಅಷ್ಟು ಪಳಗಿದವರಿರಲಿಲ್ಲವೆಂದು ವೆನಿಸ್‌ನಿಂದ ಗಂಟೆ ಎರಕದ ಕುಶಲಿಯನ್ನು ಕರೆಸಿದ್ದರು.

ಆಮೇಲೆ ಗಿಬೆರ್ಟಿಯ ಮೊದಲ ಬಾಗಿಲು. ಅದೂ ಇಪ್ಪತ್ತೆಂಟು ಫಲಕ, ಅದೇ ನಾಲ್ಕೆಸಳಿನ ಚೌಕಟ್ಟು, ವಿಷಯ ಕ್ರಿಸ್ತನ ಜೀವನ. ಚಿನ್ನ ಇಲ್ಲೂ ಆಕೃತಿಗಳಿಗೆ ಮಾತ್ರ. ಆದರೆ ಬಟ್ಟೆಯ ಮಡಿಕೆ ಮೆದುವಾಗಿದೆ, ಮೈಗಳು ತಿರುಗುತ್ತವೆ, ಬಾಗುತ್ತವೆ, ಕೆಲವರು ಚೌಕಟ್ಟು ದಾಟಿ ಹೊರಗೆ ಬರಲು ಹವಣಿಸುತ್ತಾರೆ. ಇಲ್ಲಿ ಐದು ನಿಮಿಷ ಸಾಕು.

ಈಗ ಮೂರನೆಯದಕ್ಕೆ ಬನ್ನಿ. ಇಲ್ಲೂ ಇಪ್ಪತ್ತೆಂಟು ಫಲಕಗಳ ಯೋಜನೆಯನ್ನೇ ವಿದ್ವಾಂಸ ಲಿಯೊನಾರ್ಡೊ ಬ್ರೂನಿ ಬರೆದುಕೊಟ್ಟಿದ್ದ. ಗಿಬೆರ್ಟಿ ಕೊನೆಗೆ ಮಾಡಿದ್ದು ಹತ್ತೇ ಫಲಕ. ಒಂದೊಂದೂ ಸುಮಾರು 80 ಸೆಂಟಿಮೀಟರ್ ಚೌಕ. ನಾಲ್ಕೆಸಳಿನ ಚೌಕಟ್ಟು ಹೋಯಿತು. ಇನ್ನೊಂದು ಬದಲಾವಣೆಯನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಚಿನ್ನ ಆಕೃತಿಗಳಿಗೆ ಮಾತ್ರವಲ್ಲ, ಹಿನ್ನೆಲೆಗೂ ಬಂತು. ಕಪ್ಪು ಹಿನ್ನೆಲೆ ಇದ್ದಾಗ ಆಕೃತಿಯ ಹಿಂದೆ ಗೋಡೆ ಇದೆ ಅನ್ನಿಸುತ್ತದೆ. ಹಿನ್ನೆಲೆಯೂ ಹೊಂಬಣ್ಣವಾದಾಗ ಅಲ್ಲಿ ಆಕಾಶ ಇದೆ, ದೂರ ಇದೆ, ಗಾಳಿ ಇದೆ ಅನ್ನಿಸುತ್ತದೆ. ಬೆಳಕು ಎಲ್ಲೂ ತಡೆಯದೆ ಮುಂದಿನಿಂದ ಹಿಂದಕ್ಕೆ ಹರಿಯುತ್ತದೆ. ಈ ಬಾಗಿಲಿನ ಅರ್ಧ ಮಹಿಮೆ ಆ ಒಂದು ತೀರ್ಮಾನದಲ್ಲಿದೆ ಎಂದು ನಾನು ನಂಬಿದ್ದೇನೆ.

ಕ್ರಮ ಹೀಗೆ: ಮೇಲಿನಿಂದ ಕೆಳಕ್ಕೆ, ಪ್ರತಿ ಸಾಲಿನಲ್ಲಿ ಎಡದಿಂದ ಬಲಕ್ಕೆ. ಆದಮ್ ಮತ್ತು ಈವ್, ಕಾಯಿನ್ ಮತ್ತು ಏಬಲ್, ನೋವಾ, ಅಬ್ರಹಾಂ, ಯಾಕೋಬ ಮತ್ತು ಏಸಾವ, ಯೋಸೇಫ, ಮೋಶೆ, ಯೆಹೋಶುವ, ದಾವೀದ, ಸೊಲೊಮೋನ್. ಎಲ್ಲವೂ ಬೈಬಲ್‌ನ ಹಳೆಯ ಒಡಂಬಡಿಕೆಯ ಕಥೆಗಳು. ಹೋಗುವ ಹಿಂದಿನ ರಾತ್ರಿ ಇವುಗಳಲ್ಲಿ ಎರಡು ಕಥೆಯನ್ನಾದರೂ ಓದಿಕೊಳ್ಳಿ. ಕಥೆ ಗೊತ್ತಿಲ್ಲದೆ ಉಬ್ಬುಶಿಲ್ಪದ ಮುಂದೆ ನಿಂತರೆ ಕುಶಲತೆ ಕಾಣುತ್ತದೆ, ಮನುಷ್ಯರು ಕಾಣುವುದಿಲ್ಲ.

ಒಂದು ಫಲಕ, ಇಪ್ಪತ್ತು ನಿಮಿಷ

ನಾನು ಎಲ್ಲರನ್ನೂ ನಿಲ್ಲಿಸುವುದು ಮೂರನೆಯ ಸಾಲಿನ ಎಡಗಡೆ, ಯಾಕೋಬ ಮತ್ತು ಏಸಾವರ ಫಲಕದ ಮುಂದೆ. ಕಥೆ ಚಿಕ್ಕದು. ಇಸಾಕನಿಗೆ ಅವಳಿ ಮಕ್ಕಳು. ಹಿರಿಯ ಏಸಾವ ಬೇಟೆಗಾರ, ಮೈಯೆಲ್ಲ ಕೂದಲು. ಕಿರಿಯ ಯಾಕೋಬ ತಾಯಿಯ ಮಗ. ಒಂದು ದಿನ ಹಸಿದು ಬಂದ ಏಸಾವ ಒಂದು ಬಟ್ಟಲು ಅಡುಗೆಗಾಗಿ ಹಿರಿತನದ ಹಕ್ಕನ್ನೇ ತಮ್ಮನಿಗೆ ಮಾರಿಬಿಡುತ್ತಾನೆ. ಮುಪ್ಪಿನಲ್ಲಿ ಕಣ್ಣು ಕಾಣದ ಇಸಾಕ, ಬೇಟೆ ಮಾಡಿ ತಂದು ಉಣಿಸು, ಆಶೀರ್ವದಿಸುತ್ತೇನೆ ಎಂದು ಏಸಾವನನ್ನು ಕಳಿಸುತ್ತಾನೆ. ಅವನು ಬರುವಷ್ಟರಲ್ಲಿ ತಾಯಿ ರೆಬೆಕ್ಕ ಯಾಕೋಬನಿಗೆ ಆಡಿನ ತೊಗಲು ಹೊದಿಸಿ ಮುಂದೆ ನಿಲ್ಲಿಸುತ್ತಾಳೆ. ಮುದುಕ ತಡವಿ ನೋಡಿ, ಇವನೇ ಏಸಾವನೆಂದು ನಂಬಿ ಆಶೀರ್ವಾದವನ್ನು ಕೊಟ್ಟುಬಿಡುತ್ತಾನೆ.

ಮೊದಲು ನಾಲ್ಕೈದು ಹೆಜ್ಜೆ ದೂರದಿಂದ ನೋಡಿ. ಕಮಾನುಗಳ ಒಂದು ದೊಡ್ಡ ಮಂಟಪ, ಚೌಕ ಚೌಕ ನೆಲಹಾಸು. ನೆಲದ ಗೆರೆಗಳು ಹಿಂದೆ ಹೋದಂತೆ ಹತ್ತಿರ ಹತ್ತಿರ ಸೇರುವುದನ್ನು ಕಣ್ಣಿನಿಂದ ಹಿಂಬಾಲಿಸಿ. ದೂರವನ್ನು ಲೆಕ್ಕಾಚಾರದಿಂದ ಚಿತ್ರಿಸುವ ವಿದ್ಯೆ ಫ್ಲಾರೆನ್ಸಿನಲ್ಲಿ ಆಗಷ್ಟೇ ಕುದುರಿತ್ತು. ಅದನ್ನು ಗಿಬೆರ್ಟಿ ಕೆಲವೇ ಬೆರಳು ದಪ್ಪದ ಲೋಹದಲ್ಲಿ ಮಾಡಿ ತೋರಿಸಿದ್ದಾನೆ.

ಈಗ ಹತ್ತಿರ ಬನ್ನಿ. ಮುಂದಿನ ಸಾಲಿನವರನ್ನು ಮಾತ್ರ ನೋಡಿ, ಹಿಂದಿನದನ್ನು ಮರೆತುಬಿಡಿ. ಎಡಕ್ಕೆ ಗುಂಪಾಗಿ ನಿಂತ ಹೆಂಗಸರು, ಅವರ ಸೆರಗಿನ ನೆರಿಗೆಗಳು. ನಡುವೆ ಇಸಾಕ ಮತ್ತು ಏಸಾವ, ಕಾಲ ಬಳಿ ಬೇಟೆನಾಯಿಗಳು. ಬಲಕ್ಕೆ ಕೂತ ಇಸಾಕ, ಮಂಡಿಯೂರಿದ ಯಾಕೋಬ, ಪಕ್ಕದಲ್ಲೇ ರೆಬೆಕ್ಕ. ಇವರೆಲ್ಲ ಹಲಗೆಯಿಂದ ಪೂರ್ತಿ ಬಿಡಿಸಿಕೊಂಡವರಂತೆ ಹೊರಕ್ಕೆ ನಿಂತಿದ್ದಾರೆ. ಪಕ್ಕಕ್ಕೆ ಎರಡು ಹೆಜ್ಜೆ ಸರಿದು ಓರೆಯಾಗಿ ನೋಡಿದರೆ ತಲೆಗಳ ಹಿಂದೆ ಖಾಲಿ ಜಾಗ ಕಾಣುತ್ತದೆ. ಎದುರಿನಿಂದ ಎಷ್ಟು ನೋಡಿದರೂ ಇದು ತಿಳಿಯುವುದಿಲ್ಲ. ಉಬ್ಬುಶಿಲ್ಪದ ಮುಂದೆ ಒಂದೇ ಕಡೆ ನಿಂತಿರಬಾರದು, ದೇಹ ಅಲುಗುತ್ತಿರಬೇಕು.

ಆಮೇಲೆ ಎರಡನೆಯ ಪದರ. ಕಮಾನಿನ ಕೆಳಗೆ ಸಣ್ಣದಾಗಿ ಇಬ್ಬರು ಅಣ್ಣತಮ್ಮಂದಿರು. ಹಕ್ಕು ಮಾರುವ ಗಳಿಗೆ ಅದು. ಇವರ ಉಬ್ಬು ಮುಂದಿನವರದ್ದಕ್ಕಿಂತ ಬಹಳ ಕಡಿಮೆ. ಇನ್ನೂ ಹಿಂದೆ ಎಡಕ್ಕೆ, ಮಂಟಪದೊಳಗೆ ಹಾಸಿಗೆಯ ಮೇಲೆ ಬಾಣಂತಿ ರೆಬೆಕ್ಕ. ಬಲಗಡೆ ಮೇಲೆ, ಮಾಳಿಗೆಯ ಮೇಲೆ ಅದೇ ರೆಬೆಕ್ಕ ದೇವರೊಡನೆ ಮಾತಾಡುತ್ತಿದ್ದಾಳೆ. ಬಿಲ್ಲು ಹಿಡಿದು ಗುಡ್ಡ ಹತ್ತುತ್ತಿರುವ ಏಸಾವನೂ ಅಲ್ಲೇ ಇದ್ದಾನೆ. ಕೊನೆಯ ಪದರದಲ್ಲಿ ಲೋಹ ಹಾಲಿನ ಕೆನೆಯಷ್ಟೇ ಏರಿದೆ, ಗೀರಿದ ಗೆರೆಗೂ ಉಬ್ಬಿಗೂ ವ್ಯತ್ಯಾಸ ಕಾಣುವುದಿಲ್ಲ. ಆದರೂ ಅಲ್ಲಿ ಮನುಷ್ಯರಿದ್ದಾರೆ, ಅವರು ಏನೋ ಮಾಡುತ್ತಿದ್ದಾರೆ ಎಂಬುದು ಸ್ಪಷ್ಟ.

ಅಮೃತಾಪುರದ ಅಮೃತೇಶ್ವರ ದೇವಾಲಯದಲ್ಲಿ ರಾಮಾಯಣದ ಫಲಕಗಳನ್ನು ನೋಡಿದವರಿಗೆ, ಒಬ್ಬನೇ ಮನುಷ್ಯ ಮತ್ತೆ ಮತ್ತೆ ಬರುವುದು ಹೊಸದಲ್ಲ. ಅಲ್ಲಿ ರಾಮನ ಕಥೆ ಫಲಕದಿಂದ ಫಲಕಕ್ಕೆ ಗೋಡೆಯುದ್ದಕ್ಕೂ ನಡೆಯುತ್ತದೆ, ನಾವು ಅದರ ಜೊತೆ ನಡೆಯುತ್ತೇವೆ. ಇಲ್ಲಿ ಒಂದೇ ಚೌಕದೊಳಗೆ ಕಥೆ ಒಳಮುಖವಾಗಿ ನಡೆಯುತ್ತದೆ, ನಾವು ನಿಂತಲ್ಲಿಂದ ಕಣ್ಣು ನಡೆಸಬೇಕು. ಹಳೆಯದು ಹಿಂದೆ, ಹೊಸದು ಮುಂದೆ ಎಂದುಕೊಂಡರೆ ಈ ಫಲಕದಲ್ಲಿ ದಾರಿ ತಪ್ಪುವುದಿಲ್ಲ. ಹೆರಿಗೆ ದೂರದಲ್ಲಿದೆ, ಮೋಸ ನಮ್ಮ ಎದುರಿಗೇ ನಡೆಯುತ್ತಿದೆ. ಆದರೆ ಎಲ್ಲ ಫಲಕಕ್ಕೂ ಈ ಲೆಕ್ಕ ಹೊಂದುವುದಿಲ್ಲ. ಮೊದಲ ಫಲಕದಲ್ಲಿ ಆದಮನ ಸೃಷ್ಟಿ ಎಡಕ್ಕೆ ಮುಂದೆ, ಈವಳ ಸೃಷ್ಟಿ ನಡುವೆ, ಸ್ವರ್ಗದಿಂದ ಹೊರದಬ್ಬುವುದು ಬಲಕ್ಕೆ. ಹಣ್ಣು ತಿನ್ನುವ ಪಾಪದ ಗಳಿಗೆಯನ್ನು ಮಾತ್ರ ಎಡಗಡೆ ಹಿಂದೆ, ಕಾಣಿಸಿಯೂ ಕಾಣಿಸದಷ್ಟು ತೆಳುವಾಗಿ ಇಟ್ಟಿದ್ದಾನೆ.

ಇನ್ನೂ ಕಾಲು ಗಟ್ಟಿಯಿದ್ದರೆ ಕೆಳಗಿನ ಸಾಲಿನ ಬಲಗಡೆಯ ಕೊನೆಯ ಫಲಕ ನೋಡಿ. ಸೊಲೊಮೋನ್ ದೊರೆ ಮತ್ತು ಶೆಬಾದ ರಾಣಿ. ಉಳಿದ ಒಂಬತ್ತರಲ್ಲೂ ಹಲವು ಘಟನೆಗಳಿವೆ, ಇಲ್ಲಿ ಒಂದೇ: ಮೆಟ್ಟಿಲ ಮೇಲೆ ಇಬ್ಬರು ಕೈಹಿಡಿದು ನಿಂತಿದ್ದಾರೆ, ಸುತ್ತ ಜನಸಾಗರ. 1439ರಲ್ಲಿ ಪೂರ್ವದ ಮತ್ತು ಪಶ್ಚಿಮದ ಚರ್ಚುಗಳನ್ನು ಒಂದು ಮಾಡುವ ಮಹಾಸಭೆ ಫ್ಲಾರೆನ್ಸಿನಲ್ಲೇ ನಡೆದಿತ್ತು. ಈ ಭೇಟಿಯಲ್ಲಿ ಆ ಆಸೆಯ ನೆರಳಿದೆ ಎಂದು ಅನೇಕ ವಿದ್ವಾಂಸರು ಓದುತ್ತಾರೆ. ಈ ಫಲಕ ತೀರ ಕೆಳಗಿರುವುದರಿಂದ ಮಕ್ಕಳಿಗೆ ಮೊದಲು ತೋರಿಸಲು ಇದೇ ಒಳ್ಳೆಯದು.

ಫಲಕಗಳ ಸುತ್ತಲಿನ ಪಟ್ಟಿಯನ್ನು ಬಿಟ್ಟು ಹೋಗಬೇಡಿ. ಅದರಲ್ಲಿ ಗೂಡುಗಳಲ್ಲಿ ನಿಂತ ಪುಟ್ಟ ಮೂರ್ತಿಗಳೂ ಇಪ್ಪತ್ತನಾಲ್ಕು ತಲೆಗಳೂ ಇವೆ. ಎಡ ಕದದ ಬಲ ಅಂಚಿನಲ್ಲಿ, ಎರಡು ಕದ ಕೂಡುವ ಕಡೆ ಹುಡುಕಿ. ಬೋಳುತಲೆಯ, ಹುಬ್ಬು ಸ್ವಲ್ಪ ಏರಿಸಿದ ಒಬ್ಬ ಮಧ್ಯವಯಸ್ಕ ಇಣುಕುತ್ತಾನೆ. ಅವನೇ ಗಿಬೆರ್ಟಿ. ಬಲ ಕದದಲ್ಲಿ ಅವನ ಪಕ್ಕಕ್ಕೆ ಮಗ ವಿತ್ತೋರಿಯೊ. ಹೆಸರನ್ನೂ ಕೆತ್ತಿದ್ದಾನೆ, ಅದ್ಭುತ ಕಲೆಯಿಂದ ಲೊರೆಂಜೊ ಮಾಡಿದ್ದು ಎಂಬರ್ಥದ ಲ್ಯಾಟಿನ್ ಸಾಲು. ತನ್ನ ಕೆಲಸ ಎಂಥದ್ದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೊಯ್ಸಳ ಶಿಲ್ಪಿ ಮಲ್ಲಿತಮ್ಮನ ಸಹಿಯನ್ನು ಸೋಮನಾಥಪುರದ ಕಲ್ಲಿನಲ್ಲಿ ಓದಿ ಖುಷಿಪಟ್ಟ ನಮಗೆ ಈ ಹೆಮ್ಮೆ ಸಹಜವಾಗಿಯೇ ಹಿಡಿಸುತ್ತದೆ.

ಅಪ್ಪ ಕೇಳಿದ ಪ್ರಶ್ನೆ

ಅಪ್ಪ ಭದ್ರಾವತಿಯಲ್ಲಿ ಎರಕದ ಕೆಲಸ ಮಾಡಿ ನಿವೃತ್ತರಾದವರು. ಅವರನ್ನು ಇಲ್ಲಿಗೆ ಕರೆತಂದಾಗ ಕಥೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಬಹಳ ಹೊತ್ತು ಓರೆಯಾಗಿ ನಿಂತು ನೋಡಿ, “ಇಲ್ಲಿ ಇಷ್ಟು ದಪ್ಪ, ಅಲ್ಲಿ ಕಾಗದದಷ್ಟು ತೆಳು. ಎರಡಕ್ಕೂ ಒಂದೇ ಸಲ ಲೋಹ ಹೇಗೆ ಓಡಿಸಿದ? ದಪ್ಪ ಇರೋದು ನಿಧಾನ ಆರುತ್ತೆ, ಸೆಳೆದುಕೊಂಡು ಬಿರುಕು ಬಿಡಬೇಕಲ್ಲ?” ಎಂದರು. ಈ ಬಾಗಿಲ ಮುಂದೆ ನನ್ನ ಕಿವಿಗೆ ಬಿದ್ದ ಪ್ರಶ್ನೆಗಳಲ್ಲೆಲ್ಲ ಇದು ಶ್ರೇಷ್ಠ.

ಕ್ರಮವೇನೋ ನಮಗೆ ಗೊತ್ತಿರುವುದೇ. ಮೇಣದಲ್ಲಿ ಆಕೃತಿ ಮಾಡಿ, ಮೇಲೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಕರಗಿಸಿ ತೆಗೆದು, ಆ ಖಾಲಿ ಜಾಗಕ್ಕೆ ಲೋಹ ಹೊಯ್ಯುವುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನ ಮಾನಸೋಲ್ಲಾಸದಲ್ಲಿ, ಗಿಬೆರ್ಟಿಗಿಂತ ಸುಮಾರು ಮುನ್ನೂರು ವರ್ಷ ಹಿಂದೆಯೇ, ಈ ವಿಧಾನ ವಿವರವಾಗಿ ಬಂದಿದೆ. ಮೇಣವನ್ನು ತೂಗಿ ಅದರ ಮೇಲೆ ಎಷ್ಟು ಲೋಹ ಬೇಕೆಂದು ಲೆಕ್ಕ ಹಾಕುವುದನ್ನೂ ಅಲ್ಲಿ ಹೇಳಿದೆ. ಎರಕ ಬಿಚ್ಚಿದ ಮೇಲೆ ನಿಜವಾದ ಕೆಲಸ ಶುರು. ಹತ್ತೂ ಫಲಕಗಳ ಎರಕ 1437ರ ಹೊತ್ತಿಗೆ ಮುಗಿದಿತ್ತು. ಆಮೇಲೆ ಹತ್ತು ವರ್ಷ ಉಳಿ, ಸುತ್ತಿಗೆ ಹಿಡಿದು ಒಂದೊಂದು ಎಲೆ, ಒಂದೊಂದು ಕೂದಲನ್ನು ತಿದ್ದಿದರು. ದೊನತೆಲ್ಲೊ, ಮಿಕೆಲೊತ್ಸೊ, ಪಾವೊಲೊ ಉಚೆಲ್ಲೊ, ಬೆನೊತ್ಸೊ ಗೊತ್ಸೊಲಿ, ಇವರೆಲ್ಲ ಬೇರೆ ಬೇರೆ ಕಾಲದಲ್ಲಿ ಗಿಬೆರ್ಟಿಯ ಕಾರ್ಯಾಗಾರದಲ್ಲಿ ಪಳಗಿದವರು.

ಚಿನ್ನ ಹಾಕುವ ಕೆಲಸ ಅಪಾಯದ್ದು. ಚಿನ್ನವನ್ನು ಪಾದರಸದಲ್ಲಿ ಕಲಸಿ ಬೆಣ್ಣೆಯಾಗಿಸಿ ಕಂಚಿಗೆ ಬಳಿಯುತ್ತಿದ್ದರು. ಕಾಯಿಸಿದಾಗ ಪಾದರಸ ಆವಿಯಾಗಿ ಹೋಗಿ ಚಿನ್ನ ಕಚ್ಚಿಕೊಳ್ಳುತ್ತದೆ. ಆ ಆವಿ ವಿಷ. ಬಾಗಿಲ ಹೊಳಪನ್ನು ಹೊಗಳುವಾಗ, ಆ ಹೊಗೆಯಲ್ಲಿ ಉಸಿರಾಡಿ ಕೆಲಸ ಮಾಡಿದ, ಹೆಸರಿಲ್ಲದ ಕೈಗಳು ನನಗೆ ನೆನಪಾಗದೆ ಇರುವುದಿಲ್ಲ.

ಅಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಬಾರ್ಜೆಲ್ಲೊ ಸಂಗ್ರಹಾಲಯದಲ್ಲಿ. ಕ್ಯಾಥೆಡ್ರಲ್‌ನಿಂದ ಹತ್ತು ನಿಮಿಷದೊಳಗಿನ ನಡಿಗೆ. 1401ರಲ್ಲಿ ಕಾಲಿಮಾಲಾ ಸಂಘ ಎರಡನೆಯ ಬಾಗಿಲಿಗಾಗಿ ಸ್ಪರ್ಧೆ ನಡೆಸಿತು. ಅಬ್ರಹಾಂ ತನ್ನ ಮಗ ಇಸಾಕನನ್ನು ಬಲಿ ಕೊಡಲು ಹೊರಟು, ದೇವದೂತ ಬಂದು ತಡೆಯುವ ದೃಶ್ಯವನ್ನು ನಾಲ್ಕೆಸಳಿನ ಚೌಕಟ್ಟಿನೊಳಗೆ ಮಾಡಬೇಕಿತ್ತು. ಏಳು ಜನ ಸ್ಪರ್ಧಿಗಳು, ಮೂವತ್ತನಾಲ್ಕು ತೀರ್ಪುಗಾರರು. ಉಳಿದಿರುವುದು ಎರಡೇ ಫಲಕ, ಗಿಬೆರ್ಟಿಯದು ಮತ್ತು ಬ್ರೂನೆಲೆಸ್ಕಿಯದು. ಬಾರ್ಜೆಲ್ಲೊ ಇವೆರಡನ್ನೂ ಇಟ್ಟುಕೊಂಡಿದೆ.

ಬ್ರೂನೆಲೆಸ್ಕಿಯ ಅಬ್ರಹಾಂ ಮಗನ ಕುತ್ತಿಗೆಯನ್ನು ಹಿಡಿದು ತಿರುಚಿದ್ದಾನೆ, ಕತ್ತಿ ಗಂಟಲಿಗೆ ತಾಗುವಷ್ಟರಲ್ಲಿ ದೇವದೂತ ಅವನ ಮಣಿಕಟ್ಟನ್ನೇ ಹಿಡಿದುಬಿಟ್ಟಿದ್ದಾನೆ. ನೋಡಿದರೆ ಎದೆ ಝಲ್ಲೆನ್ನುತ್ತದೆ. ಗಿಬೆರ್ಟಿಯದರಲ್ಲಿ ಕತ್ತಿ ಇನ್ನೂ ದೂರದಲ್ಲಿದೆ, ಇಸಾಕ ಸುಂದರ ತರುಣ, ತಲೆಯೆತ್ತಿ ನೋಡುತ್ತಿದ್ದಾನೆ. ನನ್ನ ಮನಸ್ಸು ಪ್ರತಿ ಸಲವೂ ಬ್ರೂನೆಲೆಸ್ಕಿಯ ಕಡೆ ವಾಲುತ್ತದೆ. ಆದರೆ ತಂತ್ರದಲ್ಲಿ ಗಿಬೆರ್ಟಿಯೇ ಮೇಲು. ಬ್ರೂನೆಲೆಸ್ಕಿ ಬಿಡಿ ಬಿಡಿ ತುಂಡುಗಳನ್ನು ಎರಕ ಹೊಯ್ದು ಗಟ್ಟಿ ಹಲಗೆಗೆ ಜೋಡಿಸಿದ. ಗಿಬೆರ್ಟಿ ಇಸಾಕನಂಥ ಒಂದೆರಡು ಭಾಗ ಬಿಟ್ಟು ಉಳಿದದ್ದನ್ನು ಒಟ್ಟಿಗೆ ಎರಕ ಹೊಯ್ದು, ಬೆನ್ನಿನ ಕಡೆ ಟೊಳ್ಳು ಬಿಟ್ಟ. ಹೀಗೆ ಮಾಡಿದರೆ ಆಕೃತಿ ಹೊರಗೆ ಎಷ್ಟೇ ಉಬ್ಬಿದರೂ ಲೋಹದ ದಪ್ಪ ಎಲ್ಲ ಕಡೆ ಹತ್ತಿರ ಹತ್ತಿರ ಒಂದೇ ಆಗಿರುತ್ತದೆ, ಒಂದೇ ವೇಗದಲ್ಲಿ ಆರುತ್ತದೆ. ತೂಕದಲ್ಲೂ ಅವನದು ಸುಮಾರು ಏಳು ಕಿಲೋ ಕಡಿಮೆ. ಕಂಚಿಗೆ ದುಡ್ಡು ಕೊಡುವ ವ್ಯಾಪಾರಿಗಳಿಗೆ ಇಪ್ಪತ್ತೆಂಟು ಫಲಕದ ಮೇಲೆ ಅದೇನು ಉಳಿತಾಯವೆಂದು ಲೆಕ್ಕ ಹಾಕುವುದು ಕಷ್ಟವಿರಲಿಲ್ಲ. ಇದನ್ನು ವಿವರಿಸಿದಾಗ ಅಪ್ಪ ತಲೆಯಾಡಿಸಿ, “ಗೆಲ್ಲಬೇಕಾದವನೇ ಗೆದ್ದಿದ್ದಾನೆ” ಎಂದರು. ಸೋತ ಬ್ರೂನೆಲೆಸ್ಕಿ ಮುಂದೆ ಕಟ್ಟಿದ್ದು ಕ್ಯಾಥೆಡ್ರಲ್‌ನ ಗುಮ್ಮಟ.

ಗಾಜು, ಕ್ಯಾಮೆರಾ, ಇನ್ನಷ್ಟು

ಸಂಗ್ರಹಾಲಯದಲ್ಲಿ ಸ್ವರ್ಗದ ಬಾಗಿಲು ಗಾಜಿನ ಹಿಂದಿದೆ, ಆ ಪೆಟ್ಟಿಗೆಯೊಳಗೆ ತೇವ ಸೇರದಂತೆ ನೋಡಿಕೊಳ್ಳುತ್ತಾರೆ. ಕಾರಣ ಇಷ್ಟು. 1966ರ ನವೆಂಬರ್ 4ರಂದು ಆರ್ನೊ ನದಿ ಉಕ್ಕಿ ಊರೊಳಗೆ ನುಗ್ಗಿತು. ನೀರಿನ ಹೊಡೆತಕ್ಕೆ ಕದಗಳು ಬಡಿದು ಬಡಿದು ಹತ್ತರಲ್ಲಿ ಐದು ಫಲಕಗಳು ಕಿತ್ತು ಬಿದ್ದವು. ಅದಕ್ಕಿಂತ ನಿಧಾನದ ಶತ್ರು ಒಳಗೇ ಇತ್ತು. ಚಿನ್ನಕ್ಕೆ ತುಕ್ಕಿಲ್ಲ, ಅದರ ಕೆಳಗಿನ ಕಂಚಿಗೆ ಇದೆ. ಚಿನ್ನಕ್ಕೂ ಕಂಚಿಗೂ ನಡುವೆ ಹುಟ್ಟಿದ ಲವಣಗಳು ತೇವ ಸಿಕ್ಕಾಗಲೆಲ್ಲ ಉಬ್ಬಿ, ಚಿನ್ನದ ಪದರವನ್ನು ಕೆಳಗಿನಿಂದ ಎತ್ತಿ ಸೀಳುತ್ತವೆ. ಫ್ಲಾರೆನ್ಸಿನ ಓಪಿಫಿಚೊ ದೆಲ್ಲೆ ಪಿಯೆತ್ರೆ ದೂರೆ ಸಂಸ್ಥೆ ಮೊದಲು ಫಲಕಗಳನ್ನು ಬಿಚ್ಚಿ ರಾಸಾಯನಿಕ ದ್ರಾವಣದಲ್ಲಿ ಅದ್ದಿ ತೊಳೆಯಿತು. ಆಮೇಲೆ, ಚೌಕಟ್ಟಿನಿಂದ ಬಿಚ್ಚುವುದೇ ಅಪಾಯವೆನಿಸಿದ ಫಲಕಗಳಿಗಾಗಿ ಲೇಸರ್ ಬಳಸಿತು. ಕೆಲಸ ಮುಗಿದು 2012ರಲ್ಲಿ ಬಾಗಿಲು ಮತ್ತೆ ಜನರಿಗೆ ಕಂಡಿತು. ಇಪ್ಪತ್ತೇಳು ವರ್ಷ ಮಾಡಿದ್ದನ್ನು ಉಳಿಸಿಕೊಳ್ಳಲು ಹೆಚ್ಚುಕಡಿಮೆ ಅಷ್ಟೇ ವರ್ಷ ಹಿಡಿಯಿತು.

ಗಾಜು ಇರುವುದರಿಂದ ಫೋಟೋಗೆ ಎರಡು ಸೂಚನೆ. ಬಿಳಿ ಅಂಗಿ ಹಾಕಿಕೊಂಡು ಹೋಗಬೇಡಿ, ಚಿತ್ರದಲ್ಲಿ ನಿಮ್ಮ ಅಂಗಿಯೇ ಮೊದಲು ಬರುತ್ತದೆ. ಗಾಢ ಬಣ್ಣ ಹಾಕಿ, ಗಾಜಿಗೆ ಓರೆಯಾಗಿ ನಿಂತು ತೆಗೆಯಿರಿ. ಫ್ಲ್ಯಾಷ್ ಬೇಡವೇ ಬೇಡ, ಅದು ಎಲ್ಲ ಪದರಗಳನ್ನೂ ಒಂದೇ ಮಟ್ಟಕ್ಕೆ ತಂದುಬಿಡುತ್ತದೆ. ಇಡೀ ಬಾಗಿಲಿನ ಒಂದು ಚಿತ್ರ, ನಿಮಗಿಷ್ಟವಾದ ಫಲಕದ ಎರಡು ಚಿತ್ರ ಸಾಕು. ಚಿಕ್ಕ ಪುಸ್ತಕ, ಪೆನ್ಸಿಲ್ ಇದ್ದರೆ ಇನ್ನೂ ಒಳ್ಳೆಯದು. ಚಿತ್ರ ಬಿಡಿಸಲು ಬಾರದವರೂ ಫಲಕದಲ್ಲಿ ಯಾರು ಎಲ್ಲಿ ನಿಂತಿದ್ದಾರೆಂದು ಬರಿ ಚುಕ್ಕಿಗಳಲ್ಲಿ ಗುರುತಿಸಿ ನೋಡಿ. ಆ ಚುಕ್ಕಿ ಇಡುವಾಗ ನಿಮ್ಮ ಕಣ್ಣು ಅದುವರೆಗೆ ನೋಡದ್ದನ್ನು ನೋಡುತ್ತದೆ.

ಸ್ಯಾನ್ ಫ್ರಾನ್ಸಿಸ್ಕೊ ಕಡೆ ಇರುವ ಕನ್ನಡಿಗರು ಇಟಲಿಗೆ ಹೊರಡುವ ಮೊದಲು ನಾಬ್ ಹಿಲ್ ಮೇಲಿನ ಗ್ರೇಸ್ ಕ್ಯಾಥೆಡ್ರಲ್‌ಗೆ ಒಂದು ಸಂಜೆ ಹೋಗಿ ಬನ್ನಿ. ಅದರ ಮುಂಬಾಗಿಲು ಇದೇ ಸ್ವರ್ಗದ ಬಾಗಿಲಿನ ಪ್ರತಿಕೃತಿ. ಹತ್ತು ಕಥೆಗಳನ್ನು ಅಲ್ಲೇ ಗುರುತಿಸಿಕೊಂಡರೆ ಫ್ಲಾರೆನ್ಸಿನಲ್ಲಿ ಯಾವ ಫಲಕದ ಮುಂದೆ ನಿಲ್ಲಬೇಕೆಂದು ಮೊದಲೇ ತೀರ್ಮಾನವಾಗಿರುತ್ತದೆ.

ಒಂದೇ ದಿನ ಕೈಲಿದ್ದರೆ ಬೆಳಿಗ್ಗೆ ಚೌಕ, ಆಮೇಲೆ ಸಂಗ್ರಹಾಲಯ, ಊಟದ ನಂತರ ಬಾರ್ಜೆಲ್ಲೊ. ಆದರೆ ಬಾರ್ಜೆಲ್ಲೊ ಎಲ್ಲ ದಿನವೂ ಸಂಜೆಯವರೆಗೆ ತೆರೆದಿರುವುದಿಲ್ಲ, ಆ ದಿನದ ವೇಳೆ ನೋಡಿಕೊಂಡು ಬೇಕಾದರೆ ಕ್ರಮ ಅದಲುಬದಲು ಮಾಡಿ. ಎರಡನೆಯ ದಿನ ಸಿಕ್ಕರೆ ಸಾನ್ ಲೊರೆಂಜೊ ಚರ್ಚಿನ ಹಳೆಯ ಸಾಕ್ರಿಸ್ತಿಯಾಕ್ಕೆ, ಅಂದರೆ ಪಾದ್ರಿಗಳು ಪೂಜೆಗೆ ಸಿದ್ಧವಾಗುವ ಕೋಣೆಗೆ, ಹೋಗಿ. ಅಲ್ಲಿ ದೊನತೆಲ್ಲೊ ಮಾಡಿದ ಎರಡು ಪುಟ್ಟ ಕಂಚಿನ ಬಾಗಿಲುಗಳಿವೆ. ಊರಿಲ್ಲ, ಗುಡ್ಡವಿಲ್ಲ, ಮಂಟಪವಿಲ್ಲ. ಪ್ರತಿ ಚೌಕದಲ್ಲೂ ಬರಿಯ ಇಬ್ಬರು ಸಂತರು, ಕೈ ಬೀಸಿ ಮೈ ತಿರುಗಿಸಿ ಜೋರಾಗಿ ವಾದಿಸುತ್ತಿದ್ದಾರೆ. ಗಿಬೆರ್ಟಿಯನ್ನು ನೋಡಿದ ಕಣ್ಣಿಗೆ ಅದು ಮೊದಮೊದಲು ಒರಟಾಗಿ ಕಾಣುತ್ತದೆ. ಅಲ್ಲೂ ಎರಡೇ ಚೌಕ ಆರಿಸಿಕೊಳ್ಳಿ, ಪಕ್ಕಕ್ಕೆ ಸರಿದು ನೋಡಿ, ಯಾರು ಯಾರ ಮಾತನ್ನು ಒಪ್ಪುತ್ತಿಲ್ಲ ಎಂದು ಪತ್ತೆ ಮಾಡಿ.